ಈಕೋ, ಓಮ್ನಿ ಲೋಡ್ ಹಾಕಿದರೆ ಹಿಂದೆ ಕೂರುತ್ತಿದೆಯಾ? ಹಿಂದಿನ ಸಸ್ಪೆನ್ಷನ್ ಬಲಪಡಿಸುವ ಸಮಗ್ರ ಮಾರ್ಗದರ್ಶಿ

ಕಲಬುರಗಿಯ ನೆಹರು ಗಂಜ್‌ನಲ್ಲಿ ಬೆಳಿಗ್ಗೆ ಸ್ವಲ್ಪ ಹೊತ್ತು ನಿಂತರೆ ಸಾಕು, ಹಿಂದೆ ಕುಸಿದು ಮೂತಿ ಮೇಲೆತ್ತಿಕೊಂಡ ವ್ಯಾನ್ ಒಂದಾದರೂ ಕಣ್ಣಿಗೆ ಬೀಳುತ್ತದೆ. ಬೇಳೆ ಚೀಲ, ಸಿಮೆಂಟು, ನೀರಿನ ಕ್ಯಾನು, ಮದುವೆ ಅಡುಗೆಯ ಪಾತ್ರೆ, ಶಹಾಬಾದ್ ಕಲ್ಲು, ಹೀಗೆ ನಮ್ಮ ಕಡೆ ಈಕೋ, ಓಮ್ನಿ ಹೊರದ ಸಾಮಾನೇ ಇಲ್ಲ. ಎಳ್ಳ ಅಮಾವಾಸ್ಯೆ ದಿನ ಭಜ್ಜಿ, ರೊಟ್ಟಿ ಗಂಟಿನ ಸಮೇತ ಇಡೀ ಮನೆ ಹೊಲಕ್ಕೆ ಹೋಗೋದೂ ಇದರಲ್ಲೇ.

ಹಿಂದೆ ಕೂತ ಗಾಡಿ ಓಡುತ್ತದೆ, ನಿಜ. ಆದರೆ ಮುಂದಿನ ಚಕ್ರದ ಮೇಲಿನ ಭಾರ ಕಡಿಮೆಯಾಗಿ ಸ್ಟೇರಿಂಗ್ ತೇಲುತ್ತದೆ. ಬ್ರೇಕ್ ಹಾಕಿದಾಗ ಮುಂದಿನ ಟೈರಿಗೆ ಹಿಡಿತ ಸಿಗೋದಿಲ್ಲ. ರಾತ್ರಿ ನಿಮ್ಮ ಹೆಡ್‌ಲೈಟ್ ಎದುರಿನವನ ಕಣ್ಣಿಗೆ ಹೊಡೆಯುತ್ತದೆ. ಗುಂಡಿ ಬಂದಾಗಲೆಲ್ಲ ಬಂಪ್ ಸ್ಟಾಪ್ (ಆಕ್ಸಲ್ ಮೇಲಕ್ಕೆ ಬಡಿಯದಂತೆ ತಡೆಯುವ ರಬ್ಬರ್ ತುಂಡು) ಬಡಿದು ಆ ಪೆಟ್ಟು ನೇರ ಗಾಡಿಯ ಮೈಗೇ ಬೀಳುತ್ತದೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಸ್ಪ್ರಿಂಗ್ ಬಲ ಮಾಡಿದರೆ ಗಾಡಿಯ ಎತ್ತರ ಸರಿಯಾಗುತ್ತದೆ, ಓಲಾಟ ಕಡಿಮೆಯಾಗುತ್ತದೆ. ಗಾಡಿ ಹೊರಬೇಕಾದ ಮಿತಿ ಮಾತ್ರ ಒಂದು ಕೆಜಿಯೂ ಏರೋದಿಲ್ಲ. ಎರಡು ಚಕ್ರ ಜೋಡಿಸುವ ಅಚ್ಚು, ಅಂದರೆ ಆಕ್ಸಲ್ ಅದೇ, ಬೇರಿಂಗ್ ಅದೇ, ಬ್ರೇಕ್ ಡ್ರಮ್ ಅದೇ, ಟೈರೂ ಅದೇ ಅಲ್ವಾ? ಹಾಗಾಗಿ ಇಲ್ಲಿ ಹೇಳೋದೆಲ್ಲ ಆರ್‌ಸಿ ಮಿತಿಯೊಳಗಿನ ಲೋಡನ್ನು ಗಾಡಿ ನೆಟ್ಟಗೆ ಹೊರುವಂತೆ ಮಾಡೋದರ ಬಗ್ಗೆ. ಇನ್ನೂ ನಾಲ್ಕು ಚೀಲ ಜಾಸ್ತಿ ಹಾಕೋಣ ಅನ್ನೋ ಆಸೆಗೆ ಇಲ್ಲಿ ಉತ್ತರ ಇಲ್ಲ.

ಮೊದಲು ಕಾಂಟಾ (ತೂಕದ ಸೇತುವೆ), ಆಮೇಲೆ ಗ್ಯಾರೇಜು

ಆರ್‌ಸಿ ತೆಗೆದು ಎರಡು ಅಂಕಿ ಬರೆದುಕೊಳ್ಳಿ: ಅನ್‌ಲೇಡನ್ ತೂಕ (ಖಾಲಿ ಗಾಡಿಯದು) ಮತ್ತು ಲೇಡನ್ ತೂಕ (ಲೋಡ್ ಸೇರಿ ಗರಿಷ್ಠ). ಎರಡರ ನಡುವಿನ ವ್ಯತ್ಯಾಸದಲ್ಲೇ ಡ್ರೈವರ್, ಪಕ್ಕ ಕೂತವರು, ಮಾಲು ಎಲ್ಲ ಬರಬೇಕು. ನೀವು ಆಮೇಲೆ ಹಾಕಿಸಿದ ಕ್ಯಾರಿಯರ್, ಹೊರಗಡೆ ಕೂರಿಸಿದ ಗ್ಯಾಸ್ ಸಿಲಿಂಡರ್, ನೆಲಕ್ಕೆ ಹಾಕಿಸಿದ ಕಬ್ಬಿಣದ ಶೀಟ್ ಕೂಡ ಅದರಲ್ಲೇ ಸೇರುತ್ತವೆ. ಈ ಲೆಕ್ಕ ಬಹಳ ಜನ ಬಿಟ್ಟುಬಿಡುತ್ತಾರೆ.

ಮಿತಿ ಮೀರಿದರೆ ಮೋಟಾರು ವಾಹನ ಕಾಯ್ದೆಯ 194ನೇ ಕಲಂ ಇದೆ. 2019ರ ತಿದ್ದುಪಡಿಯ ಪ್ರಕಾರ 20,000 ರೂಪಾಯಿ ದಂಡ, ಅದರ ಮೇಲೆ ಹೆಚ್ಚುವರಿ ಟನ್‌ಗೆ 2,000. ಮಾಲು ಇಳಿಸೋ ಖರ್ಚೂ ನಿಮ್ಮದೇ. ಇನ್ನು 1988ರ ಅದೇ ಕಾಯ್ದೆಯ 52ನೇ ಕಲಂ, ಆರ್‌ಸಿಯಲ್ಲಿರುವ ಮೂಲ ವಿವರಕ್ಕೆ ಹೊಂದದಂತೆ ಗಾಡಿ ಮಾರ್ಪಡಿಸಬಾರದು ಅನ್ನುತ್ತದೆ. ಅದಕ್ಕೇ ಇಲ್ಲಿ ಬಿಚ್ಚಿ ವಾಪಸ್ ಮೊದಲಿನಂತೆ ಮಾಡಬಹುದಾದ ಕೆಲಸಗಳನ್ನಷ್ಟೇ ಹೇಳುತ್ತಿದ್ದೇನೆ. ಆಕ್ಸಲ್ ಕೊಯ್ಯೋದು, ಚಾಸಿಗೆ ವೆಲ್ಡಿಂಗ್ ಮಾಡೋದು ಬೇಡವೇ ಬೇಡ. ಕೆಲಸಕ್ಕೆ ಕೈ ಹಾಕುವ ಮೊದಲು ಆರ್‌ಟಿಒ ಕಚೇರಿಯಲ್ಲಿ, ವಿಮೆಯವರಲ್ಲಿ ಒಂದು ಮಾತು ಕೇಳಿಬಿಡಿ.

ಈಗ ಗಾಡಿ ಕಾಂಟಾ ಮಾಡಿಸಿ. ಟ್ಯಾಂಕ್ ತುಂಬಿಸಿ, ಖಾಲಿ ಗಾಡಿಯಲ್ಲಿ ಡ್ರೈವರ್ ಮಾತ್ರ ಕೂತು ಪೂರ್ತಿ ತೂಕ ತೆಗೆಸಿ. ನಂತರ ಮುಂದಿನ ಚಕ್ರ ಮಾತ್ರ ಕಾಂಟಾ ಮೇಲೆ ನಿಲ್ಲಿಸಿ ಇನ್ನೊಮ್ಮೆ. ಪೂರ್ತಿ ತೂಕದಲ್ಲಿ ಮುಂದಿನದು ಕಳೆದರೆ ಹಿಂದಿನ ಆಕ್ಸಲ್ ಎಷ್ಟು ಹೊರುತ್ತಿದೆ ಅಂತ ಗೊತ್ತಾಗುತ್ತದೆ. ನೀವು ದಿನಾ ಹಾಕುವ ಲೋಡ್ ಹಾಕಿಕೊಂಡು ಇದೇ ಎರಡು ತೂಕ ಮತ್ತೆ ಮಾಡಿಸಿ. ಲಾರಿ ತೂಗುವ ದೊಡ್ಡ ಕಾಂಟಾಗಳು 5 ಅಥವಾ 10 ಕೆಜಿ ಹಂತದಲ್ಲಿ ತೋರಿಸುತ್ತವೆ, ನಮ್ಮ ಕೆಲಸಕ್ಕೆ ಅಷ್ಟು ಸಾಕು.

ಕಾಂಟಾ ಹತ್ತಿರ ಇಲ್ಲದಿದ್ದರೆ ಲೆಕ್ಕ ಹಾಕಿ. ಬೇಳೆ, ಸಿಮೆಂಟ್ ಚೀಲ 50 ಕೆಜಿ. 20 ಲೀಟರಿನ ನೀರಿನ ಕ್ಯಾನ್ ಅಂದರೆ ಕ್ಯಾನಿನ ತೂಕ ಸೇರಿ 21 ಕೆಜಿ ಹತ್ತಿರ. ಜನ ಮೋಸ ಹೋಗೋದು ಶಹಾಬಾದ್ ಕಲ್ಲಿನಲ್ಲಿ. ಒಂದು ಇಂಚು ದಪ್ಪದ ಕಲ್ಲು ಚದರ ಅಡಿಗೆ ಸುಮಾರು 6 ಕೆಜಿ ತೂಗುತ್ತದೆ. ಎರಡಡಿಗೆ ಎರಡಡಿಯ ಒಂದೇ ಹಾಸು 24 ಕೆಜಿ ದಾಟುತ್ತದೆ. ಇಪ್ಪತ್ತು ಕಲ್ಲು ಪೇರಿಸಿದರೆ ನೋಡೋಕೆ ಮೊಣಕಾಲೆತ್ತರದ ಒಂದು ಕಟ್ಟು, ತೂಕ ಮಾತ್ರ 480 ಕೆಜಿ!

ಭಾರ ಎಲ್ಲಿ ಕೂತಿದೆ ಅನ್ನೋದೂ ಅಷ್ಟೇ ಮುಖ್ಯ. ಈಕೋದ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರ 2,350 ಮಿ.ಮೀ. ಹಿಂದಿನ ಆಕ್ಸಲ್‌ಗಿಂತ 500 ಮಿ.ಮೀ. ಹಿಂದಕ್ಕೆ, ಬಾಗಿಲ ಹತ್ತಿರ, 100 ಕೆಜಿ ಇಟ್ಟಿರಿ ಅಂದುಕೊಳ್ಳಿ. ಹಿಂದಿನ ಆಕ್ಸಲ್ ಮೇಲೆ ಬೀಳೋದು 121 ಕೆಜಿ. ಮೇಲಿನ ಆ 21 ಕೆಜಿ ಮುಂದಿನ ಚಕ್ರದಿಂದ ಎತ್ತಿಕೊಂಡಿದ್ದು. ಅದೇ 100 ಕೆಜಿಯನ್ನು ಮುಂದಿನ ಸೀಟಿನ ಬೆನ್ನಿಗೆ ಒತ್ತಿ ಇಟ್ಟರೆ ಒಂದು ಪಾಲನ್ನು ಮುಂದಿನ ಚಕ್ರವೂ ಹೊರುತ್ತದೆ. ಎಷ್ಟೋ ಗಾಡಿಗಳ ತೊಂದರೆ ಇಷ್ಟರಲ್ಲೇ ಅರ್ಧ ತೀರಿಹೋಗುತ್ತದೆ, ಒಂದು ರೂಪಾಯಿ ಖರ್ಚಿಲ್ಲದೆ. ಕಲ್ಲು, ಚೀಲ ಮುಂದಕ್ಕೆ ಒತ್ತಿ ಪೇರಿಸಿ, ಬೆಲ್ಟ್ ಕಟ್ಟಿ. ಹಗುರ ಸಾಮಾನು ಬಾಗಿಲ ಕಡೆ ಇರಲಿ.

ಎಷ್ಟು ಕೂರುತ್ತದೆ, ಅಳೆಯಿರಿ

ಸಮತಟ್ಟಾದ ಜಾಗದಲ್ಲಿ ಗಾಡಿ ನಿಲ್ಲಿಸಿ. ಹಿಂದಿನ ಚಕ್ರದ ನಡುಮಧ್ಯದಿಂದ ಅದರ ನೇರ ಮೇಲಿರುವ ಮಡ್‌ಗಾರ್ಡ್ ಅಂಚಿನವರೆಗೆ ಟೇಪ್ ಹಿಡಿದು ಅಳೆಯಿರಿ. ನೆಲದಿಂದ ಅಳೆಯಬೇಡಿ, ಟೈರ್ ಒತ್ತಿಕೊಂಡಿದ್ದೂ ಅದರಲ್ಲಿ ಸೇರಿಬಿಡುತ್ತದೆ. ಎಡಕ್ಕೂ ಬಲಕ್ಕೂ ಅಳೆದು, ಖಾಲಿ ಇದ್ದಾಗ ಎಷ್ಟು, ಲೋಡ್ ಇದ್ದಾಗ ಎಷ್ಟು ಅಂತ ಗೋಡೆಗೋ ಪುಸ್ತಕಕ್ಕೋ ಬರೆದಿಡಿ.

ಉದಾಹರಣೆಗೆ, ಖಾಲಿ ಇದ್ದಾಗ 420 ಮಿ.ಮೀ., ಲೋಡಿನಲ್ಲಿ 360. ಅಂದರೆ 60 ಮಿ.ಮೀ. ಕೂತಿದೆ. ಕಾಂಟಾ ಚೀಟಿ ಪ್ರಕಾರ ಹಿಂದಿನ ಆಕ್ಸಲ್ ಮೇಲೆ 240 ಕೆಜಿ ಏರಿದೆ, ಅಂದರೆ ಒಂದೊಂದು ಚಕ್ರಕ್ಕೆ 120. ಈ 120ನ್ನು 60ರಿಂದ ಭಾಗಿಸಿದರೆ ಮಿ.ಮೀ.ಗೆ 2 ಕೆಜಿ. ಇದು ಚಕ್ರದ ಲೆಕ್ಕದಲ್ಲಿ ನಿಮ್ಮ ಸ್ಪ್ರಿಂಗಿನ ಬಿಗಿ. ಅದೇ ಲೋಡಿಗೆ 45 ಮಿ.ಮೀ. ಮಾತ್ರ ಕೂರಬೇಕು ಅಂದರೆ 2.67 ಬೇಕು. ಈಗಿರೋದಕ್ಕಿಂತ ಮೂರರಲ್ಲಿ ಒಂದು ಪಾಲು ಜಾಸ್ತಿ, ಅಷ್ಟೇ. ಗ್ಯಾರೇಜಿಗೆ ಹೋಗಿ 'ಟೈಟ್ ಮಾಡಿಕೊಡಿ' ಅನ್ನೋದಕ್ಕಿಂತ ಈ ಅಂಕಿ ಕೈಯಲ್ಲಿ ಹಿಡಿದು ಹೋಗಿ.

ಮೂರರಲ್ಲೊಂದು ಪಾಲಿಗಿಂತ ತುಂಬ ಮೇಲೆ ಹೋಗೋದು ನನಗೆ ಇಷ್ಟವಿಲ್ಲ. ವಾಪಸ್ ಬರುವಾಗ ಗಾಡಿ ಖಾಲಿ ಇರುತ್ತದೆ. ತೀರ ಬಿಗಿಯಾದ ಸ್ಪ್ರಿಂಗಿನ ಮೇಲೆ ಖಾಲಿ ವ್ಯಾನ್ ಕುಣಿಯುತ್ತದೆ. ಮಳೆಯಲ್ಲಿ ಹಿಂದಿನ ಚಕ್ರ ಹಿಡಿತ ಬಿಡುತ್ತದೆ, ಬಾಡಿಯ ಬೆಸುಗೆಗಳು ಸಡಿಲವಾಗುತ್ತವೆ. ನಮ್ಮ ಎರೆ ನೆಲವಂತೂ ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುತ್ತದೆ. ಅದರ ಮೇಲೆ ಹಾಕಿದ ಡಾಂಬರು ಅಲೆ ಅಲೆಯಾಗಿ ಏಳುತ್ತದೆ. ಇಂಥ ರಸ್ತೆಯಲ್ಲಿ ಸ್ಪ್ರಿಂಗಿಗಿಂತ ಶಾಕ್ ಅಬ್ಸಾರ್ಬರ್‌ನದೇ ಹೆಚ್ಚು ಕೆಲಸ.

ಹೊಸದು ಹಾಕುವ ಮೊದಲು ಹಳೆಯದು ನೋಡಿ

ಹಿಂದೆ ಕೂರುವ ಗಾಡಿಗಳಲ್ಲಿ ಬಹಳಷ್ಟಕ್ಕೆ ಸ್ಪ್ರಿಂಗ್ ದಣಿದಿರೋದೇ ಕಾರಣ. ಖಾಲಿ ನಿಂತಾಗಲೇ ಒಂದು ಬದಿ ತಗ್ಗಾಗಿದ್ದರೆ, ಅಥವಾ ಅದೇ ಮಾಡೆಲ್‌ನ ಹೊಸ ಗಾಡಿಗಿಂತ ತಗ್ಗಿದ್ದರೆ, ಮೊದಲು ಕಂಪನಿಯ ಹೊಸ ಸ್ಪ್ರಿಂಗ್ ಜೋಡಿ ಹಾಕಿಸಿ ನೋಡಿ. ಶಾಕ್ ಮೇಲೆ ಎಣ್ಣೆ ಜಿನುಗಿ ಧೂಳು ಮೆತ್ತಿಕೊಂಡಿದ್ದರೆ ಅದರ ಆಯುಷ್ಯ ಮುಗಿದಿದೆ. ಹಿಂದಿನ ಮೂಲೆ ಒತ್ತಿ ಬಿಟ್ಟಾಗ ಗಾಡಿ ಒಂದು ಸಲ ಎದ್ದು ನಿಲ್ಲಬೇಕು, ತೂಗಾಡಬಾರದು. ಬೋಲ್ಟ್ ಹಾಯುವ ಕೀಲುಗಳಲ್ಲಿನ ರಬ್ಬರ್ ಬುಶ್‌ಗಳು ನಮ್ಮ ಬಿಸಿಲಿಗೆ ಬೇಗ ಬಿರಿಯುತ್ತವೆ. ರಾಡ್ ಹಾಕಿ ಮೀಟಿದರೆ ಆಟ ಗೊತ್ತಾಗುತ್ತದೆ. ಆಕ್ಸಲ್ ಸುತ್ತ, ಸ್ಪ್ರಿಂಗ್ ಕೂರುವ ಬಟ್ಟಲಿನ ಸುತ್ತ ತುಕ್ಕು, ಬಿರುಕು ಇದ್ದರೆ ಅಲ್ಲಿಗೆ ನಿಲ್ಲಿಸಿ. ಕೊಳೆತ ಬಾಡಿಗೆ ಬಿಗಿ ಸ್ಪ್ರಿಂಗ್ ಹಾಕಿದರೆ ಕಿತ್ತುಕೊಂಡು ಬರುತ್ತದೆ.

ಯಾವ ದಾರಿ ಹಿಡಿಯಬೇಕು

2019ರಲ್ಲಿ ನಿಂತುಹೋದ ಓಮ್ನಿಗೆ ಹಿಂದೆ ಕಮಾನ್ ಪಾಟಾ, ಅಂದರೆ ಒಂದರ ಮೇಲೊಂದು ಪೇರಿಸಿದ ಬಾಗಿದ ಉಕ್ಕಿನ ಪಟ್ಟಿಗಳ ಸ್ಪ್ರಿಂಗ್. 2010ರಲ್ಲಿ ಬಂದ ಈಕೋಗೆ ಗಟ್ಟಿ ಆಕ್ಸಲ್ ಮೇಲೆ ಸುರುಳಿ ಸ್ಪ್ರಿಂಗ್, ಅಂದರೆ ಕಾಯಿಲ್. ಎರಡರ ಕೆಲಸವೂ ಬೇರೆ ಬೇರೆ.

ಈಕೋದವರಿಗೆ ಮೊದಲು ಕಣ್ಣಿಗೆ ಬೀಳೋದು ಸುರುಳಿಗಳ ನಡುವೆ ತುರುಕುವ ರಬ್ಬರ್ ಬಫರ್. ಅಗ್ಗ, ಹತ್ತು ನಿಮಿಷದ ಕೆಲಸ. ಅದು ಒಂದು ಸುರುಳಿಯ ಆಟವನ್ನೇ ಕಟ್ಟಿಹಾಕುತ್ತದೆ, ಆದ್ದರಿಂದ ಸ್ಪ್ರಿಂಗ್ ಬಿಗಿಯಾಗುತ್ತದೆ. ಆದರೆ ಉಳಿದ ಸುರುಳಿಗಳು ಜಾಸ್ತಿ ತಿರುಚಿಕೊಳ್ಳುತ್ತವೆ. ಬಫರ್ ಸಂದಿಯಲ್ಲಿ ಮಣ್ಣು ಕೂತು ಸ್ಪ್ರಿಂಗಿನ ಬಣ್ಣ ಸವೆದು ತುಕ್ಕು ಹಿಡಿಯುತ್ತದೆ. ಯಾವಾಗಲೋ ಒಮ್ಮೆ ಲೋಡ್ ಹಾಕುವವರಿಗೆ ಪರವಾಗಿಲ್ಲ, ದಿನಾ ಕಲ್ಲು ಹೊರುವ ಗಾಡಿಗೆ ಬೇಡ.

ಎರಡನೆಯದು ಕಾಯಿಲ್ ಒಳಗೆ ಕೂರುವ ಗಾಳಿ ಚೀಲ. ಲೋಡ್ ಇದ್ದಾಗ ಗಾಳಿ ತುಂಬಿಸಿ, ಇಳಿಸಿದ ಮೇಲೆ ಬಿಡಿ. ಹೋಗುವಾಗ ತುಂಬಿದ, ಬರುವಾಗ ಖಾಲಿ ಗಾಡಿಗೆ ನನ್ನ ಮಟ್ಟಿಗೆ ಇದೇ ಒಳ್ಳೆಯದು. ಇಂಥ ಚೀಲಗಳಿಗೆ ಸಾಮಾನ್ಯವಾಗಿ ಖಾಲಿ ಇದ್ದಾಗಲೂ 5 ಪಿಎಸ್‌ಐ ಇರಬೇಕು, 35 ದಾಟಬಾರದು ಅಂತ ಇರುತ್ತದೆ. ನಿಮ್ಮ ಪೆಟ್ಟಿಗೆ ಮೇಲೆ ಬರೆದಿರುವ ಅಂಕಿಯೇ ಕೊನೆಯ ಮಾತು. ಕೊಳ್ಳುವ ಮೊದಲು ಕಾಯಿಲ್‌ನ ಒಳ ಅಗಲ, ಎತ್ತರ ಅಳೆದುಕೊಳ್ಳಿ. ಬಂಪ್ ಸ್ಟಾಪ್ ಕಾಯಿಲ್ ಒಳಗೇ ಇದೆಯಾ ಅಂತಲೂ ನೋಡಿ. ಇದ್ದರೆ ಅದರ ಜೊತೆ ಹೊಂದುವ ಚೀಲವೇ ಬೇಕು. ಎಡ ಬಲ ಎರಡಕ್ಕೂ ಬೇರೆ ಬೇರೆ ನಳಿಗೆ, ಬೇರೆ ವಾಲ್ವ್ ಇರಲಿ. ಎರಡನ್ನೂ 'T' ಆಕಾರದ ಒಂದೇ ಜೋಡಣೆಗೆ ಸೇರಿಸಿದರೆ ತಿರುವಿನಲ್ಲಿ ಭಾರ ಬಿದ್ದ ಬದಿಯ ಗಾಳಿ ಇನ್ನೊಂದು ಬದಿಗೆ ಓಡಿ ಗಾಡಿ ಮತ್ತಷ್ಟು ವಾಲುತ್ತದೆ.

ಮೂರನೆಯದು ದಪ್ಪ ತಂತಿಯ ಕಾಯಿಲ್. ಯಾವಾಗಲೂ ಲೋಡಿನಲ್ಲೇ ಇರುವ ಗಾಡಿಗೆ ಸರಿ. ಇಲ್ಲೊಂದು ಹುಷಾರು: ಕಾಯಿಲ್ ಬಿಗಿ ತಂತಿಯ ದಪ್ಪದ ನಾಲ್ಕನೇ ಘಾತಕ್ಕೆ ತಕ್ಕಂತೆ ಏರುತ್ತದೆ. 11 ಮಿ.ಮೀ. ತಂತಿ ಬದಲು 12 ಹಾಕಿದರೆ, ಉಳಿದದ್ದೆಲ್ಲ ಒಂದೇ ಇದ್ದಾಗ, ಶೇ. 42ರಷ್ಟು ಬಿಗಿ ಏರುತ್ತದೆ. ಒಂದೇ ಒಂದು ಮಿ.ಮೀ.ಗೆ ಇಷ್ಟು! ಹಾಗಾಗಿ ಬೇರೆ ಗಾಡಿಯ ಸ್ಪ್ರಿಂಗನ್ನು ಕಣ್ಣಂದಾಜಿನಲ್ಲಿ ತಂದು ಕೂರಿಸಬೇಡಿ. ತಂತಿ ದಪ್ಪ, ಸುರುಳಿಯ ಅಗಲ, ಸುರುಳಿಗಳ ಸಂಖ್ಯೆ, ಬಿಚ್ಚಿಟ್ಟಾಗಿನ ಎತ್ತರ ಇವು ನಾಲ್ಕೂ ತಾಳೆಯಾಗಬೇಕು.

ಸ್ಪ್ರಿಂಗ್ ಕೆಳಗೆ ಕಟ್ಟಿಗೆ ತುಂಡು, ಕಬ್ಬಿಣದ ಬಳೆ ಇಟ್ಟು ಎತ್ತರಿಸೋದನ್ನು ದಾರಿ ಅಂತಲೇ ನಾನು ಎಣಿಸೋದಿಲ್ಲ. ಎತ್ತರ ಬರುತ್ತದೆ, ಬಲ ಬರೋದಿಲ್ಲ.

ಕಾಯಿಲ್ ಬದಲಿಸುವ ಕ್ರಮ

ಸಿಮೆಂಟ್ ನೆಲ ಬೇಕು. ಹೊಲದ ಮಣ್ಣಿನ ಮೇಲೆ ಜಾಕ್ ಹಾಕಬೇಡಿ. ಎರಡು ಗಟ್ಟಿ ಸ್ಟ್ಯಾಂಡ್, ಟ್ರಾಲಿ ಜಾಕ್, ಪಾನಾ ಸೆಟ್, ಟಾರ್ಕ್ ಪಾನಾ (ಎಷ್ಟು ಬಲದಲ್ಲಿ ಬಿಗಿಯುತ್ತಿದ್ದೀರಿ ಅಂತ ತೋರಿಸುವ ಪಾನಾ), ತುಕ್ಕು ಬಿಡಿಸುವ ಸ್ಪ್ರೇ ಇಟ್ಟುಕೊಳ್ಳಿ. ಸ್ಪ್ರೇಯನ್ನು ಹಿಂದಿನ ರಾತ್ರಿಯೇ ಬೋಲ್ಟುಗಳಿಗೆ ಹೊಡೆದಿಟ್ಟರೆ ಬೆಳಿಗ್ಗೆ ಕೈ ನೋಯೋದು ತಪ್ಪುತ್ತದೆ. ಕಲ್ಲು, ಇಟ್ಟಿಗೆ ಪೇರಿಸಿ ಅದರ ಮೇಲೆ ಗಾಡಿ ನಿಲ್ಲಿಸಿ ಕೆಳಗೆ ನುಸುಳೋದು ಮಾತ್ರ ಬೇಡ. ಇಟ್ಟಿಗೆ ಒಡೆಯುವ ಮೊದಲು ಸದ್ದು ಮಾಡೋದಿಲ್ಲ.

1. ಗಾಡಿ ಖಾಲಿ ಮಾಡಿ. ಮುಂದಿನ ಚಕ್ರಗಳಿಗೆ ಎರಡೂ ಕಡೆ ಅಡ್ಡ ಕೊಡಿ. ಹಿಂದಿನ ಚಕ್ರದ ನಟ್‌ಗಳನ್ನು ನೆಲದ ಮೇಲಿರುವಾಗಲೇ ಸ್ವಲ್ಪ ಸಡಿಲಿಸಿ.

2. ಹಿಂಭಾಗ ಎತ್ತಿ, ಕೈಪಿಡಿಯಲ್ಲಿ ತೋರಿಸಿದ ಬಾಡಿಯ ಜಾಗದ ಕೆಳಗೆ ಸ್ಟ್ಯಾಂಡ್ ಕೊಡಿ, ಆಕ್ಸಲ್ ಕೆಳಗಲ್ಲ. ಚಕ್ರ ತೆಗೆಯಿರಿ. ಈಗ ಜಾಕನ್ನು ಆಕ್ಸಲ್ ಕೆಳಗೆ ತಂದು ಅದರ ಭಾರ ಹಿಡಿಯುವಷ್ಟು ಮಾತ್ರ ಏರಿಸಿ.

3. ಎರಡೂ ಶಾಕ್‌ಗಳ ಕೆಳಗಿನ ಬೋಲ್ಟ್ ತೆಗೆಯಿರಿ. ಆಕ್ಸಲ್ ಅಡ್ಡ ಅಲುಗದಂತೆ ಹಿಡಿಯುವ ಲ್ಯಾಟರಲ್ ರಾಡ್ ಬಿಗಿದು ಅಡ್ಡಬಂದರೆ ಅದರ ಒಂದು ತುದಿಯನ್ನೂ ಬಿಡಿಸಿ.

4. ಜಾಕ್ ನಿಧಾನಕ್ಕೆ ಇಳಿಸಿ. ಈ ಹಂತದಲ್ಲಿ ಕಣ್ಣು ಬ್ರೇಕ್ ಹೋಸ್ ಮತ್ತು ಹ್ಯಾಂಡ್‌ಬ್ರೇಕ್ ಕೇಬಲ್ ಮೇಲೆ ಇರಲಿ. ಅವು ಜಗ್ಗಿಕೊಂಡರೆ ಅಲ್ಲೇ ನಿಲ್ಲಿಸಿ, ಅವುಗಳ ಕ್ಲಿಪ್ ಬಿಡಿಸಿ ಮುಂದುವರಿಯಿರಿ. ಸ್ಪ್ರಿಂಗ್ ಸಡಿಲವಾಗಿ ತಾನೇ ಕೈಗೆ ಬರುತ್ತದೆ. ಬಾರದಿದ್ದರೆ ಸ್ಪ್ರಿಂಗ್ ಕಂಪ್ರೆಸರ್ ಬಳಸಿ, ರಾಡ್ ಹಾಕಿ ಎಬ್ಬಿಸಬೇಡಿ.

5. ಬಟ್ಟಲಿನ ಮಣ್ಣು ತೆಗೆದು ರಬ್ಬರ್ ಪ್ಯಾಡ್ ಹೊಸದು ಹಾಕಿ. ಹೊಸ ಕಾಯಿಲ್‌ನ ತುದಿ ಬಟ್ಟಲಿನ ಮೆಟ್ಟಿಲಿಗೆ ಸರಿಯಾಗಿ ತಾಗಿ ಕೂರಬೇಕು. ಗಾಳಿ ಚೀಲವಾದರೆ ಗಾಳಿ ಪೂರ್ತಿ ತೆಗೆದು ಚಪ್ಪಟೆ ಮಡಚಿ ಕಾಯಿಲ್ ಒಳಗೆ ತೂರಿಸಿ. ನಳಿಗೆಯನ್ನು ಸೈಲೆನ್ಸರ್‌ನಿಂದ, ಚಕ್ರದಿಂದ ದೂರ ಕಟ್ಟಿ.

6. ಆಕ್ಸಲ್ ಏರಿಸಿ, ಬೋಲ್ಟ್‌ಗಳನ್ನು ಕೈಯಲ್ಲಷ್ಟೇ ಸೇರಿಸಿ. ಚಕ್ರ ಹಾಕಿ ಗಾಡಿಯನ್ನು ನೆಲಕ್ಕಿಳಿಸಿ. ಭಾರ ಚಕ್ರದ ಮೇಲೆ ಬಿದ್ದ ಮೇಲೆಯೇ ಬುಶ್ ಇರುವ ಬೋಲ್ಟ್‌ಗಳನ್ನು ಸರ್ವಿಸ್ ಕೈಪಿಡಿಯ ಟಾರ್ಕಿಗೆ ಬಿಗಿಯಿರಿ. ಗಾಡಿ ಮೇಲಿರುವಾಗಲೇ ಬಿಗಿದರೆ ರಬ್ಬರು ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಅವಸರದ ಗ್ಯಾರೇಜಿನಲ್ಲಿ ಇದನ್ನೇ ಮರೆಯೋದು, ಪಕ್ಕ ನಿಂತು ಮಾಡಿಸಿ.

ಸ್ಪ್ರಿಂಗ್ ಬಿಗಿಯಾದರೆ ಅದು ವಾಪಸ್ ಎಗರುವ ಬಲವೂ ಜಾಸ್ತಿ. ಹಳೆ ಶಾಕ್ ಅದನ್ನು ಹಿಡಿಯಲಾರದು, ಜೋಡಿ ಹೊಸದನ್ನೇ ಹಾಕಿ.

ಕಮಾನ್ ಪಾಟಾ: ಓಮ್ನಿಯವರಿಗೆ

ಹಳೆ ಪಾಟಾ ಬಡಿಸಿ ಮತ್ತೆ ಕಮಾನು ಏರಿಸೋದು ನಮ್ಮಲ್ಲಿ ವಾಡಿಕೆ. ತಣ್ಣಗೆ ಬಡಿದರೆ ಸ್ವಲ್ಪ ಕಾಲ ನಿಲ್ಲುತ್ತದೆ, ಲೋಹ ದಣಿದಿರುವುದರಿಂದ ಮತ್ತೆ ಕೂರುತ್ತದೆ. ಗ್ಯಾಸ್ ಹಚ್ಚಿ ಕಾಯಿಸಿ ಬಗ್ಗಿಸುತ್ತೇನೆ ಅಂದರೆ ಬೇಡ ಅನ್ನಿ. ಕಾಯಿಸಿದ ಜಾಗದಲ್ಲಿ ಸ್ಪ್ರಿಂಗ್ ಸ್ಟೀಲಿನ ಹದ ಹೋಗಿ ಒಂದೋ ಬಾಗುತ್ತದೆ, ಇಲ್ಲವೋ ಮುರಿಯುತ್ತದೆ.

ಹೆಚ್ಚುವರಿ ಪಾಟಾ ಹಾಕೋದು ಸರಿಯಾದ ದಾರಿ. ಮೂರು ಪಾಟಾ ಇರುವಲ್ಲಿ ಅದೇ ದಪ್ಪದ, ಸುಮಾರು ಅದೇ ಉದ್ದದ ಇನ್ನೊಂದು ಸೇರಿಸಿದರೆ ಬಿಗಿ ಹೆಚ್ಚುಕಡಿಮೆ ಮೂರರಲ್ಲೊಂದು ಪಾಲು ಏರುತ್ತದೆ. ಅದೇ ನಮ್ಮ ಲೆಕ್ಕ. ದಪ್ಪ ಪಾಟಾ ಕೊಟ್ಟರೆ ತೆಗೆದುಕೊಳ್ಳಬೇಡಿ. ಇಲ್ಲಿ ಬಿಗಿ ದಪ್ಪದ ಮೂರನೇ ಘಾತಕ್ಕೆ ಏರುತ್ತದೆ. ಇನ್ನೂ ಒಳ್ಳೆಯದು, ಎಲ್ಲಕ್ಕಿಂತ ಕೆಳಗೆ ಚಪ್ಪಟೆಯಾಗಿ ಕೂರುವ ಹೆಲ್ಪರ್ ಪಾಟಾ. ಖಾಲಿ ಇದ್ದಾಗ ಅದು ಸುಮ್ನೆ ಇರುತ್ತದೆ, ಮೇಲಿನ ಪಾಟಾಗಳು ಲೋಡಿಗೆ ಬಗ್ಗಿ ಅದಕ್ಕೆ ತಾಗಿದಾಗ ಮಾತ್ರ ಕೆಲಸಕ್ಕೆ ಬರುತ್ತದೆ.

ಬಾಡಿಯ ಕೆಳಗೆ ಸ್ಟ್ಯಾಂಡ್, ಆಕ್ಸಲ್ ಕೆಳಗೆ ಜಾಕ್, ಇಲ್ಲಿಯೂ ಅದೇ ಕ್ರಮ. ಒಂದು ಬದಿ ಪೂರ್ತಿ ಮುಗಿಸಿಯೇ ಇನ್ನೊಂದು ಬದಿಗೆ ಹೋಗಿ, ಇಲ್ಲದಿದ್ದರೆ ಆಕ್ಸಲ್ ಜಾರುತ್ತದೆ. ಬಿಚ್ಚುವ ಕ್ರಮ: ಶಾಕ್ ಬೋಲ್ಟ್, ಆಮೇಲೆ ಪಾಟಾವನ್ನು ಆಕ್ಸಲ್‌ಗೆ ಕಟ್ಟಿಹಿಡಿದ ಯು ಬೋಲ್ಟ್ ನಟ್, ಆಮೇಲೆ ಹಿಂದಿನ ಶ್ಯಾಕಲ್ (ಪಾಟಾದ ಹಿಂತುದಿಯನ್ನು ಬಾಡಿಗೆ ಜೋಡಿಸುವ ಕೊಂಡಿ), ಕೊನೆಗೆ ಪಾಟಾದ ಮುಂತುದಿಯ ಸುರುಳಿ ತೂತಿನ, ಅಂದರೆ ಮುಂದಿನ ಕಣ್ಣಿನ ಬೋಲ್ಟ್. ಪಾಟಾ ಕಟ್ಟು ಹೊರಗೆ ಬಂದ ಮೇಲೆ, ಪಾಟಾಗಳನ್ನು ನಡುವೆ ಸೇರಿಸಿ ಹಿಡಿದ ಸೆಂಟರ್ ಬೋಲ್ಟಿನ ಎರಡೂ ಪಕ್ಕ ಜಿ ಕ್ಲ್ಯಾಂಪ್ ಬಿಗಿದು, ನಂತರವೇ ಆ ಬೋಲ್ಟ್ ಬಿಚ್ಚಿ. ಕ್ಲ್ಯಾಂಪ್ ಇಲ್ಲದೆ ಬಿಚ್ಚಿದರೆ ಪಾಟಾಗಳು ಮುಖಕ್ಕೇ ಸಿಡಿಯುತ್ತವೆ. ಹೊಸ ಪಾಟಾವನ್ನು ಉದ್ದಕ್ಕೆ ತಕ್ಕ ಸ್ಥಾನದಲ್ಲಿ ಸೇರಿಸಿ. ಕಟ್ಟು ದಪ್ಪವಾಗಿರುವುದರಿಂದ ಉದ್ದದ ಸೆಂಟರ್ ಬೋಲ್ಟ್, ಉದ್ದದ ಯು ಬೋಲ್ಟ್ ಹೊಸದೇ ಬೇಕು. ಒಮ್ಮೆ ಜಗ್ಗಿದ ಯು ಬೋಲ್ಟ್ ಮತ್ತೆ ಬಳಸಬೇಡಿ. ಸೆಂಟರ್ ಬೋಲ್ಟಿನ ತಲೆ ಆಕ್ಸಲ್ ಪ್ಯಾಡಿನ ತೂತಿನಲ್ಲಿ ಕೂತಿದೆಯಾ ಅಂತ ಬೆರಳು ಹಾಕಿ ನೋಡಿ, ಕೂರದಿದ್ದರೆ ಆಕ್ಸಲ್ ಓರೆಯಾಗುತ್ತದೆ. ಯು ಬೋಲ್ಟಿನ ನಾಲ್ಕೂ ನಟ್ ಅಡ್ಡಡ್ಡವಾಗಿ, ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ಶ್ಯಾಕಲ್ ಮತ್ತು ಕಣ್ಣಿನ ಬೋಲ್ಟ್ ಬಿಗಿಯೋದು ಇಲ್ಲೂ ಗಾಡಿ ನೆಲಕ್ಕಿಳಿದ ಮೇಲೆಯೇ.

ಬ್ರೇಕ್, ಟೈರ್, ಲೈಟ್

ಹಿಂದಿನ ಆಕ್ಸಲ್ ಹತ್ತಿರ ಒಂದು ಸಣ್ಣ ಸ್ಪ್ರಿಂಗ್ ಅಥವಾ ರಾಡಿನಿಂದ ಜೋಡಿಸಿದ ಬ್ರೇಕ್ ವಾಲ್ವ್ ಕೆಲವು ವ್ಯಾನ್‌ಗಳಲ್ಲಿ ಇರುತ್ತದೆ. ಗಾಡಿ ಹಿಂದೆ ಕೂತಷ್ಟೂ 'ಲೋಡ್ ಇದೆ' ಅಂತ ತಿಳಿದು ಅದು ಹಿಂದಿನ ಬ್ರೇಕಿಗೆ ಒತ್ತಡ ಹೆಚ್ಚು ಕೊಡುತ್ತದೆ. ನೀವು ಈಗ ಗಾಡಿ ಕೂರದಂತೆ ಮಾಡಿದ್ದೀರಿ. ವಾಲ್ವ್ ಪಾಲಿಗೆ ಗಾಡಿ ಖಾಲಿ! ಲೋಡ್ ತುಂಬಿದ್ದರೂ ಹಿಂದಿನ ಬ್ರೇಕ್ ಅರ್ಧಂಬರ್ಧ ಹಿಡಿಯುತ್ತದೆ. ನಿಮ್ಮ ಗಾಡಿಯಲ್ಲಿ ಅದು ಇದ್ದರೆ ಸರ್ವಿಸ್ ಸೆಂಟರಿನಲ್ಲಿ ಹೊಸ ಎತ್ತರಕ್ಕೆ ಹೊಂದಿಸದೆ ಲೋಡ್ ಹಾಕಬೇಡಿ. ಇಷ್ಟೆಲ್ಲ ಮಾಡಿಸಿದವರೂ ಹೆಚ್ಚಾಗಿ ಬಿಟ್ಟುಬಿಡುವ ಕೆಲಸ ಇದು. ಜೊತೆಗೆ ಹಿಂದಿನ ಡ್ರಮ್ ಬಿಚ್ಚಿ ಲೈನಿಂಗ್ ಕೂಡ ನೋಡಿಸಿ.

ಟೈರಿನ ಗೋಡೆ ಮೇಲೆ ಲೋಡ್ ಇಂಡೆಕ್ಸ್ ಅಂತ ಒಂದು ಅಂಕಿ ಇರುತ್ತದೆ. 75 ಅಂದರೆ ಒಂದು ಟೈರ್ 387 ಕೆಜಿ ಹೊರಬಲ್ಲದು, 80 ಅಂದರೆ 450, 85 ಅಂದರೆ 515. ಹಿಂದಿನ ಆಕ್ಸಲಿನ ಕಾಂಟಾ ತೂಕವನ್ನು ಎರಡರಿಂದ ಭಾಗಿಸಿ, ಟೈರಿನ ಅಂಕಿ ಅದಕ್ಕಿಂತ ಸಾಕಷ್ಟು ಮೇಲಿದೆಯಾ ನೋಡಿ. ಗಾಳಿಯನ್ನು ಬೆಳಿಗ್ಗೆ ಗಾಡಿ ತೆಗೆಯುವ ಮೊದಲು, ಬಾಗಿಲ ಪಕ್ಕದ ಚೀಟಿಯಲ್ಲಿ ಪೂರ್ತಿ ಲೋಡಿಗೆ ಬರೆದಿರುವಷ್ಟು ಹಾಕಿ. ನಮ್ಮ ಏಪ್ರಿಲ್, ಮೇ ಬಿಸಿಲಲ್ಲಿ ಓಡಿ ಬಂದ ಟೈರಿನ ಒತ್ತಡ ಏರಿರುತ್ತದೆ. ಆಗ ನೋಡಿ ಗಾಳಿ ಬಿಟ್ಟರೆ ಮರುದಿನ ಬೆಳಿಗ್ಗೆ ಕಡಿಮೆ ಗಾಳಿಯಲ್ಲೇ ಲೋಡ್ ಹೊರುತ್ತದೆ. ಟೈರ್ ಸಿಡಿಯೋದು ಹೆಚ್ಚಾಗಿ ಹಾಗೆಯೇ.

ಹೆಡ್‌ಲೈಟ್ ಲೋಡ್ ಹಾಕಿಕೊಂಡೇ ಗೋಡೆಗೆ ಹಿಡಿದು ಸರಿಮಾಡಿ.

ಓಡಿಸಿ ನೋಡೋದು

ಮೊದಲು ಖಾಲಿ, ನಂತರ ಅರ್ಧ ಲೋಡ್, ಆಮೇಲೆ ಪೂರ್ತಿ. ಪ್ರತಿ ಸಲ ಮಡ್‌ಗಾರ್ಡ್ ಎತ್ತರ ಅಳೆದು ಹಳೆ ಅಂಕಿ ಪಕ್ಕ ಬರೆಯಿರಿ. ಎಡ ಬಲಕ್ಕೆ 10 ಮಿ.ಮೀ.ಗಿಂತ ಜಾಸ್ತಿ ವ್ಯತ್ಯಾಸ ಬಂದರೆ ಸ್ಪ್ರಿಂಗ್ ಸರಿಯಾಗಿ ಕೂತಿಲ್ಲ, ಇಲ್ಲವೇ ಭಾರ ಒಂದೇ ಬದಿಗಿದೆ. ರಿಂಗ್ ರಸ್ತೆಯ ಖಾಲಿ ಜಾಗದಲ್ಲಿ, ಹಿಂದೆ ಯಾರೂ ಇಲ್ಲದಾಗ, 40ರ ವೇಗದಲ್ಲಿ ಬ್ರೇಕ್ ಹಾಕಿ. ಗಾಡಿ ನೇರ ನಿಲ್ಲಬೇಕು. ಹಿಂದಿನ ಚಕ್ರ ಮೊದಲು ಲಾಕ್ ಆಗಿ ಬಾಲ ತಿರುಗಿದರೆ ವಾಲ್ವ್ ಹೊಂದಾಣಿಕೆ ತಪ್ಪಿದೆ. ಜೇವರ್ಗಿ ಅಥವಾ ಆಳಂದ ರಸ್ತೆಯಲ್ಲಿ ಅಲೆಅಲೆಯಾದ ಜಾಗ ಬಂದಾಗ ಹಿಂಭಾಗ ಎರಡು ಮೂರು ಸಲ ಎಗರುತ್ತಾ ಇದ್ದರೆ ಶಾಕ್ ಸಾಲುತ್ತಿಲ್ಲ ಅಂತ ಅರ್ಥ.

500 ಕಿ.ಮೀ. ಓಡಿದ ಮೇಲೆ ಎಲ್ಲ ಬೋಲ್ಟ್ ಮತ್ತೆ ಟಾರ್ಕಿಗೆ ಬಿಗಿಯಿರಿ. ಯು ಬೋಲ್ಟ್ ಆಗ ಖಂಡಿತ ಸ್ವಲ್ಪ ಸಡಿಲಾಗಿರುತ್ತದೆ. ಗಾಳಿ ಚೀಲ ಹಾಕಿದವರು ವಾರಕ್ಕೊಮ್ಮೆ ಒತ್ತಡ ನೋಡಿ. ಮಳೆಗಾಲ ಮುಗಿದ ಮೇಲೆ ಸ್ಪ್ರಿಂಗ್ ಬಟ್ಟಲು, ಪಾಟಾ ಸಂದಿಯಲ್ಲಿ ಕೂತ ಎರೆ ಮಣ್ಣನ್ನು ನೀರು ಹೊಡೆದು ತೊಳೆಸಿ. ಒಣಗಿ ಗಟ್ಟಿಯಾದರೆ ಅದು ಗಾರೆಯ ಹಾಗೆ ಹಿಡಿದುಕೊಳ್ಳುತ್ತದೆ, ಒಳಗೊಳಗೇ ತುಕ್ಕು ಏರುತ್ತದೆ. ಬಿಚ್ಚಿದ ಹಳೆಯ ಸ್ಪ್ರಿಂಗ್ ಜೋಡಿಯನ್ನು ಗುಜರಿಗೆ ಹಾಕಬೇಡಿ, ಗಾಡಿ ಮಾರುವಾಗ ಅಥವಾ ಎಫ್‌ಸಿಗೆ (ಫಿಟ್‌ನೆಸ್ ಪ್ರಮಾಣಪತ್ರಕ್ಕೆ) ಕೊಡುವಾಗ ವಾಪಸ್ ಹಾಕಬೇಕಾಗಿ ಬರಬಹುದು.